ಸಾಬವ್ವನ ಕೌದಿ ಬೆಟ್ಟ ಹತ್ತಿದ್ದು

ಸಂಜೆಯ ಪ್ಯಾಸೆಂಜರ್ ಗಾಡಿ ಯಾದಗಿರಿ ಸ್ಟೇಷನ್ನು ಬಿಟ್ಟು ನಮ್ಮ ಓಣಿಯ ಹಿಂದೆ ಹಾಯುವ ಹೊತ್ತಿಗೆ ಸಾಬವ್ವ ಒಂದು ಕೈಯಲ್ಲಿ ನೀರು ತುಂಬಿದ ಚೆರಿಗೆ, ಇನ್ನೊಂದು ಕೈಯಲ್ಲಿ ಹಸಿ ಗೋಣಿತಟ್ಟು ಹಿಡಿದು ಹಿತ್ತಲಲ್ಲಿ ಸಜ್ಜಾಗಿ ನಿಂತಿರುತ್ತಿದ್ದಳು. ಅತ್ತ ಕರೀ ಎಂಜಿನ್ನು ಬುಸುಗುಡುತ್ತ ಬರುತ್ತಿತ್ತು. ಇತ್ತ ಈಕೆ ಸೆರಗನ್ನು ಸೊಂಟಕ್ಕೆ ಬಿಗಿದು, ಹಿಮ್ಮಡಿ ಊರಿ, ಅದನ್ನೇ ದಿಟ್ಟಿಸುತ್ತಿದ್ದಳು. ಕುಸ್ತಿಯ ಕಣದಲ್ಲಿ ಎದುರುಬದುರಾದ ಇಬ್ಬರು ಪೈಲ್ವಾನರನ್ನು ನೋಡಿದಂತಾಗುತ್ತಿತ್ತು.

"ಬಂದ ನೋಡು ಕರಿಯ! ಲೇ, ನಿನ್ನ ಹೊಟ್ಟ್ಯಾಗಿನ ಕೆಂಡ ನಿನ್ನ ಹೊಟ್ಟ್ಯಾಗ ಇಟಗೋ. ನನ್ನ ಕೌದಿ ಮ್ಯಾಲ ಉಗುಳಿದಿ ಅಂದ್ರ ನಾಳಿ ಹಳಿ ಮ್ಯಾಲ ಕುಂತುಬಿಡ್ತೀನಿ ಮತ್ತ!"

ಎಂಜಿನ್ನು ಉಗುಳಿಯೇ ಉಗುಳುತ್ತಿತ್ತು. ಹಿತ್ತಲ ತುಂಬ ಹಾಸಿದ ಕೌದಿಯ ಮೇಲೆ ಎಲ್ಲೋ ಒಂದು ಕಿಡಿ ಬಿದ್ದು ಸಣ್ಣಗೆ ಹೊಗೆಯಾಡುವುದರೊಳಗೆ ಆಕೆಯ ಗೋಣಿತಟ್ಟು ಅದರ ಮೇಲೆ ಬೀಳುತ್ತಿತ್ತು. ಗಾಡಿ ಹಾದ ಮೇಲೆ ಆಕೆ ಸುಟ್ಟ ತೂತನ್ನು ಬೆರಳಿಂದ ಅಳೆದು, ಅದರ ಮೇಲೊಂದು ತೇಪೆ ಇಟ್ಟು, ಸುತ್ತ ಎಂಟು ಹೊಲಿಗೆ ಹಾಕಿ ಬಿಡುತ್ತಿದ್ದಳು. ನಮ್ಮ ಓಣಿಯಲ್ಲಿ ಆಕೆ ಹೊಲಿದ ಕೌದಿಗಳೆಲ್ಲ ಹೀಗೆ ಸಿಡುಬಿನ ಕಲೆಯ ಮುಖದ ಹಾಗಿದ್ದವು. ಹಾಗಿದ್ದರೂ ಚೆಲುವಾಗಿದ್ದವು.

ನಾನು ಶಹಾಪುರದ ಕಡೆಯ ಸಗರದವನು. ಕಾಲುವೆ ತೋಡುವ ಕೆಲಸ ನಮ್ಮ ಸೀಮೆಯಲ್ಲಿ ಭರದಿಂದ ನಡೆದಿದ್ದ ಕಾಲಕ್ಕೆ ಕಾಲುವೆ ಕಚೇರಿಯಲ್ಲಿ ಗುಮಾಸ್ತನಾಗಿ ಯಾದಗಿರಿಗೆ ಬಂದೆ. ಸಾಬವ್ವನ ಮನೆಯ ಮುಂದಿನ ಕೋಣೆ ಬಾಡಿಗೆಗಿತ್ತು. ಕೇಳಲು ಹೋದಾಗ ಆಕೆ ನನ್ನ ಊರು, ಕುಲ, ಸಂಬಳ ಒಂದನ್ನೂ ವಿಚಾರಿಸಲಿಲ್ಲ. ಹತ್ತಿರ ಕರೆದು ನನ್ನ ಅಂಗಿಯ ಚುಂಗನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿದಳು.

"ಅರಿವಿ ಛಲೋ ಅದ. ಒಗಿಯೂದು ಮಾತ್ರ ಬರೂದಿಲ್ಲ ನಿನಗ. ಮದಿವಿ ಆಗೇದೇನು?"

"ಆಗೇದ್ರಿ."

"ಹಂಗಾರ ಆಕೀನ್ನ ಜಲ್ದಿ ಕರಕೊಂಡು ಬಾ. ಅಂಗಿ ಸಾಯೂ ಮೊದಲ."

ಹೀಗೆ ನಾನೂ ನನ್ನ ಹೆಂಡತಿ ಸರೋಜಾಳೂ ಆ ಮನೆಯವರಾದೆವು. ಸಾಬವ್ವ ನನ್ನನ್ನು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. ಮೊದಲ ದಿನದಿಂದಲೂ ನಾನು ಆಕೆಗೆ 'ಕಾಲುವಿ'. "ಏ ಕಾಲುವಿ, ಉಂಡೇನು?" "ಕಾಲುವಿ, ಇವತ್ತು ಎಷ್ಟು ಮಾರು ತೋಡಿದ್ರಿ?" ನಾನು ಕುರ್ಚಿಯ ಮೇಲೆ ಕೂತು ಕಾಗದ ಬರೆಯುವವನು, ಗುದ್ದಲಿ ಹಿಡಿಯುವವನಲ್ಲ ಎಂದು ಎಷ್ಟು ಹೇಳಿದರೂ ಆಕೆಗೆ ಸಮಾಧಾನವಿರಲಿಲ್ಲ. "ಕುಂತು ತೋಡಿದ್ರೂ ತೋಡಿದಂಗ ಅಲ್ಲೇನು?" ಎನ್ನುತ್ತಿದ್ದಳು.

ಆಗಿನ ಕಚೇರಿಗಳಲ್ಲಿ ನಕ್ಷೆಗಳನ್ನು ಗಂಜಿ ಹಾಕಿದ ತೆಳುವಾದ ಬಟ್ಟೆಯ ಮೇಲೆ ಬರೆಯುತ್ತಿದ್ದರು. ರದ್ದಾದ ನಕ್ಷೆಗಳನ್ನು ಬಿಸಿನೀರಿನಲ್ಲಿ ನೆನೆಸಿ ತಿಕ್ಕಿದರೆ ಗಂಜಿ ಬಿಟ್ಟು ಮಲ್ಲಿಗೆಯಂಥ ಮೆತ್ತನೆಯ ಬಟ್ಟೆ ಉಳಿಯುತ್ತಿತ್ತು. ಅಂಥದೊಂದನ್ನು ಸಾಹೇಬರ ಒಪ್ಪಿಗೆ ಪಡೆದು ಸಾಬವ್ವನಿಗೆ ತಂದುಕೊಟ್ಟೆ. ಆಕೆ ಎರಡು ದಿನ ನೆನೆಸಿ, ಬಡಿದು, ಒಣಹಾಕಿದಳು. ಎಲ್ಲ ಹೋದರೂ ಒಂದು ನೀಲಿ ಗೆರೆ ಮಾತ್ರ ಹೋಗಲಿಲ್ಲ.

"ಇದೇನೋ ಕಾಲುವಿ, ಈ ಗೆರಿ?"

"ಅದ ಕಾಲುವಿ, ಆಯಿ. ಅಲ್ಲಿಂದ ಹರೀಬೇಕಿತ್ತು. ನಡುವ ಗುಡ್ಡ ಬಂತಂತ ರದ್ದಾತು."

ಆಕೆ ಆ ಗೆರೆಯ ಮೇಲೆ ಸ್ವಲ್ಪ ಹೊತ್ತು ಕೈಯಾಡಿಸಿದಳು. "ಪಾಪ, ಯಾರ ಹೊಲಕ್ಕ ನೀರ ತಪ್ಪಿತೋ. ಕೌದ್ಯಾಗರ ಹರೀಲಿ ಬಿಡು" ಎಂದು ಅದನ್ನು ಕತ್ತರಿಸದೆ, ಗೆರೆ ಕಾಣುವ ಹಾಗೆ, ಅಂಚಿನುದ್ದಕ್ಕೂ ಹೊಲಿದಳು. ಮುಂದೆ ನಿಜವಾದ ಕಾಲುವೆಗೆ ನೀರು ಬಿಟ್ಟ ದಿನ ಊರೆಲ್ಲ ನೋಡಲು ಹೋದಾಗ ಈಕೆ ಮಾತ್ರ ಹೋಗಲಿಲ್ಲ. "ನಮ್ಮನ್ಯಾಗ ಆಗಲೇ ಬಿಟ್ಟಾರ" ಎಂದು ಸೂಜಿ ಎತ್ತಿದಳು.

ಆಕೆಯ ಕೆಲಸಕ್ಕೆ ಅದರದೇ ಕಟ್ಟಳೆಗಳಿದ್ದವು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ಶುರು ಮಾಡಿ, ಚೌಕ ಚೌಕವಾಗಿ ಒಳಗೊಳಗೆ ಸುತ್ತು ಹಾಕುತ್ತ, ಬಣ್ಣದ ತುಂಡುಗಳನ್ನು ಕೂಡಿಸುತ್ತ ಬರಬೇಕು. ಕಟ್ಟಕಡೆಗೆ ನಡುವೆ ಉಳಿಯುವ ಜಾಗ ಕೌದಿಯ ಹೊಟ್ಟೆ. ಹೊಲಿಗೆ ಎಲ್ಲಿಗೆ ಬಂತೆಂದು ಕೇಳಿದರೆ ಆಕೆ ಸುತ್ತು ಎಣಿಸುತ್ತಿರಲಿಲ್ಲ. ಹೊಟ್ಟೆಯ ಮೇಲೆ ಅಂಗೈ ಇಟ್ಟು, "ಇನ್ನ ಒಂದು ಎಮ್ಮಿ ಮಲಗೂವಷ್ಟು ಜಾಗ ಅದ" ಎನ್ನುತ್ತಿದ್ದಳು. ವಾರ ಬಿಟ್ಟು ಕೇಳಿದರೆ ಎಮ್ಮೆ ಹೋಗಿ ಕುರಿ ಬಂದಿರುತ್ತಿತ್ತು. ಆಮೇಲೆ ನಾಯಿ, ಆಮೇಲೆ ಕಾವಿಗೆ ಕೂತ ಕೋಳಿ. ಕೋಳಿಯವರೆಗೆ ಬಂತೆಂದರೆ ಕೌದಿ ಮುಗಿದ ಹಾಗೆ.

ಒಂದೇ ಬಣ್ಣದ ಎರಡು ತುಂಡುಗಳು ಮಗ್ಗುಲಿಗೆ ಮಗ್ಗುಲು ಬರಕೂಡದು. "ಒಂದ ಮನಿ ಅಣ್ಣತಮ್ಮರ ಹಂಗ ತಕ್ರಾರು ತಗೀತಾವ. ನಡುವ ಬ್ಯಾರೆ ಬಣ್ಣದವನ್ನ ಕುಂದರಿಸಿದ್ರ ಎಲ್ಲಾರೂ ಸುಮ್ಮನ ಇರ್ತಾರ" ಎನ್ನುವುದು ಆಕೆಯ ಸಿದ್ಧಾಂತ. ಮನೆಯಲ್ಲಿ ಇದ್ದದ್ದು ಒಂದೇ ಸೂಜಿ. ಹೊಲಿಯದಿದ್ದಾಗ ಅದು ಆಕೆಯ ಕುಪ್ಪಸದ ಹೆಗಲ ಮೇಲೆ ಚುಚ್ಚಿಕೊಂಡಿರುತ್ತಿತ್ತು. ಸರೋಜಾ ಒಮ್ಮೆ ಹೊಸ ಸೂಜಿಗಳ ಚೀಟಿ ತಂದುಕೊಟ್ಟರೆ ಮರಳಿಸಿಬಿಟ್ಟಳು. "ಎರಡು ಸೂಜಿ ಇದ್ದ ಮನ್ಯಾಗ ಒಂದು ಕಳೀತದವ್ವ. ಒಂದ ಇದ್ರ ಎಲ್ಲಿ ಹೋದೀತು?"

ಯಾರಿಗೆ ಹೊಲಿದರೂ ಕೌದಿ ದೊಡ್ಡದೇ. ಅಷ್ಟು ದೊಡ್ಡದು ಯಾಕೆ ಆಯಿ, ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ ಎಂದು ನಾನು ಕೆಣಕಿದರೆ, "ಹಾಸಿಗಿ ಹೊಲಿಯಾಕ ಬರದವರು ಹೇಳೂ ಮಾತು ಅದು. ನಾ ಕಾಲು ಇದ್ದಷ್ಟು ಹಾಸಿಗಿ ಹೊಲೀತೀನಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಹೀಗಿರುವಾಗ ಕರಿಯ ಹೋದ. ಉಗಿ ಎಂಜಿನ್ನುಗಳನ್ನು ತೆಗೆದು ಡೀಸೆಲ್ ಎಂಜಿನ್ನು ಹಾಕಿದರು. ಹಿತ್ತಲಲ್ಲಿ ಕಿಡಿಯಿಲ್ಲ, ಮಸಿಯಿಲ್ಲ. ನಾವೆಲ್ಲ ಖುಷಿಪಟ್ಟೆವು. ಸಾಬವ್ವ ಮಾತ್ರ ಸಂಜೆ ಹಿತ್ತಲಿಗೆ ಬಂದು ಹೊಸ ಎಂಜಿನ್ನನ್ನು ನೋಡಿ, ಬಾಯಿ ತೆರೆದು, ಮತ್ತೆ ಮುಚ್ಚಿ ಒಳಗೆ ಹೋದಳು.

"ಯಾಕ ಆಯಿ, ಇವತ್ತು ಬೈಲಿಲ್ಲ?"

"ಇದು ಗಾಡಿ ಅಲ್ಲೋ, ದೊಡ್ಡ ಲಾರಿ. ಇದನ್ನ ಬೈದ್ರ ಬಾಯಿಗೆ ರುಚಿ ಬರವಲ್ದು." ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದಳು: "ಇಷ್ಟು ವರ್ಷ ಜಗಳ ಆಡೀನಿ. ಒಂದಿನ ಅವನ ಬೆನ್ನ ಹಿಂದ ಕುಂತು ಹೋಗಲಿಲ್ಲ ನೋಡು." ಹೌದು, ಆ ಹಳಿಯ ಪಕ್ಕದಲ್ಲೇ ಬಾಳಿದ ಹೆಂಗಸು ಉಗಿಬಂಡಿಯನ್ನು ಒಮ್ಮೆಯೂ ಹತ್ತಿರಲಿಲ್ಲ. ತವರು ಸುರಪುರದ ಕಡೆ. ಅಲ್ಲಿಗೆ ಹೋಗಲು ಬಸ್ಸೇ ಗತಿ.

ಅದಾಗಿ ಎರಡು ಮೂರು ವರ್ಷಕ್ಕೆ ಮೊಮ್ಮಗಳು ರೇಣುಕಾ ಬಾಣಂತನಕ್ಕೆ ಬಂದಳು. ಸಾಬವ್ವನ ಒಬ್ಬನೇ ಮಗ ಭೀಮರಾಯನ ಮಗಳು ಈಕೆ. ಗಂಡನ ಮನೆ ಸುರಪುರ. ಹೆಣ್ಣು ಕೂಸು ಹುಟ್ಟಿತು. ನಮ್ಮ ಕಡೆ ಚೊಚ್ಚಲ ಕೂಸನ್ನು ಐದನೇ ತಿಂಗಳಿಗೆ ತಂದೆಯ ಮನೆಗೆ ಕಳಿಸುವಾಗ ತೊಟ್ಟಿಲ ಜೊತೆ ಕೌದಿಯೂ ಹೋಗಬೇಕು. ಅದೂ ಬೇರೆ ಬೇರೆ ಮನೆಗಳಿಂದ ಬೇಡಿ ತಂದ ಅರಿವೆಯ ತುಂಡುಗಳ ಕೌದಿ. ಹಲವರ ಮೈಗೆ ಒಗ್ಗಿದ ಬಟ್ಟೆ ಕೂಸಿಗೆ ಕಾವಲು ಎಂಬ ನಂಬಿಕೆ. ಸಾಬವ್ವ ಓಣಿಯೆಲ್ಲ ತಿರುಗಿ ಬೇಡಿ ತಂದು, ಯಥಾಪ್ರಕಾರ ದೊಡ್ಡದಾಗಿಯೇ ಹಾಸಿದಳು. "ಐದು ತಿಂಗಳ ಕೂಸಿಗಲ್ಲ ಇದು. ಆಕಿ ಮುದುಕಿ ಆಗೂತನಕ ಹೊದೀಬೇಕು."

ತೊಡಕಾದದ್ದು ಕಣ್ಣಿನಿಂದ. ಸಾಬವ್ವನ ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಆಪರೇಷನ್ ಮಾಡಬೇಕು, ಆದರೆ ಆಮೇಲೆ ಒಂದೂವರೆ ತಿಂಗಳು ಬಾಗಬಾರದು, ಸೂಜಿ ಮುಟ್ಟಬಾರದು ಎಂದು ಡಾಕ್ಟರು ಹೇಳಿದ್ದರು. ಹಾಗೆ ಮಾಡಿಸಿದರೆ ಕೂಸು ಕೌದಿಯಿಲ್ಲದೆ ಹೋಗಬೇಕಾಗುತ್ತಿತ್ತು. "ಕೌದಿ ಮೊದಲ, ಕಣ್ಣು ಆಮ್ಯಾಲ" ಎಂದು ಸಾಬವ್ವ. "ಕಣ್ಣು ಕಾಣದಿದ್ರ ಕೌದಿನೂ ಬ್ಯಾಡ" ಎಂದು ಭೀಮರಾಯ. ಆತ ಗಂಜ್ ಪೇಟೆಯ ಅಡತಿಯಲ್ಲಿ ಹತ್ತಿ ತೂಗುವ ಕೆಲಸದವನು, ಮಾತೂ ತೂಕದ್ದೇ. ಒಂದು ದಿನ ನಮ್ಮ ಮುಂದೆಯೇ ಜಗಳವಾಯಿತು.

"ಎವ್ವಾ, ಸೂಜಿ ಮುರದು ತುದಿ ಕೌದ್ಯಾಗ ಉಳೀತು ಅಂದ್ರ ಏನು ಗತಿ? ಕೂಸಿನ ಮೈಯಾಗ ಹೊಕ್ಕರ? ಅಂಗಡ್ಯಾಗ ಬೇಕಾದಷ್ಟು ಕಂಬಳಿ ಸಿಗ್ತಾವ."

"ನನ್ನ ಕೈಯಾಗ ಸೂಜಿ ಮುರದದ್ದು ನೋಡೀಯೇನು ನೀ ಹುಟ್ಟಿದಾಗಿಂದ?"

"ಆವಾಗ ನಿನಗ ಕಾಣ್ತಿತ್ತು!"

"ಈಗೂ ಕಾಣ್ತದ. ನಿನ್ನ ಮಾರಿ ಸೊಟ್ಟಗ ಆಗಿದ್ದು ಕಾಣವಲ್ದೇನು ನನಗ?"

ಭೀಮರಾಯ ನಗಲಿಲ್ಲ. ಇನ್ನೊಮ್ಮೆ ಅವ್ವ ಹೊಲಿಗೆ ತಪ್ಪಿದ್ದು ಕಂಡರೆ ಸೂಜಿ ಕಸಿದುಕೊಂಡು ಬಾವಿಗೆ ಎಸೆಯುತ್ತೇನೆ ಎಂದು ಹೇಳಿ ಹೋದ. ಆತನದೂ ತಪ್ಪಿರಲಿಲ್ಲ, ಕೂಸಿನ ಮೇಲಿನ ಅಂತಃಕರಣವೇ ಇಬ್ಬರನ್ನೂ ಎದುರುಬದುರು ನಿಲ್ಲಿಸಿತ್ತು. ಕೌದಿಯ ಹೊಟ್ಟೆಯಲ್ಲಿ ಇನ್ನೂ ಎಮ್ಮೆ ಮಲಗಿತ್ತು. ಕೂಸು ಹೋಗಲು ಎರಡು ತಿಂಗಳು ಉಳಿದಿತ್ತು.

ಆ ಬೇಸಿಗೆಯಲ್ಲಿ ನನಗೆ ಕಚೇರಿಯಿಂದ ರಜೆಯ ಪ್ರವಾಸದ ಸವಲತ್ತು ಸಿಕ್ಕಿತು. ಊಟಿಯ ಬೆಟ್ಟಕ್ಕೆ ಈಗಲೂ ಇಂಗ್ಲಿಷರ ಕಾಲದ ಉಗಿ ಎಂಜಿನ್ನಿನ ಗಾಡಿ ಹತ್ತುತ್ತದೆ, ಕಲ್ಲಿದ್ದಲು ತಿಂದು ನೀರು ಕುಡಿದು ಹೋಗುತ್ತದೆ ಎಂದು ಯಾರೋ ಹೇಳಿದರು. ಸರೋಜಾ ಒಳಗೆ ಹೋಗಿ, "ಆಯಿ, ನಿಮ್ಮ ಕರಿಯ ಇನ್ನ ಜೀವಂತ ಇದ್ದಾನಂತ. ಬರ್ತೀರೇನು?" ಎಂದಳು.

ಸಾಬವ್ವ ತೊಡೆಯ ಮೇಲಿನ ಕೌದಿಯನ್ನು ಮಡಿಚಿದಳು. "ಕೌದಿ ತಗೊಂಡು ಬರಬಹುದೇನು?"

ಕರಿಯನ ಮೋಹ ಇತ್ತು, ನಿಜ. ಅದರ ಜೊತೆಗೆ ಎಂಟು ದಿನ ಮಗನ ಕಣ್ಣು ತಪ್ಪಿಸಿ ಹೊಲಿಯಬಹುದೆಂಬ ಲೆಕ್ಕಾಚಾರವೂ ಇತ್ತು. ಭೀಮರಾಯ, ಅವ್ವ ಜರಾ ಹವಾ ಬದಲಿಸಿ ಬರಲಿ ಎಂದು ತಾನೇ ಗಂಟು ಹೊತ್ತು ಸ್ಟೇಷನ್ನಿಗೆ ತಂದುಕೊಟ್ಟ. ಗಂಟಿನಲ್ಲಿ ಕೌದಿ ಇದ್ದದ್ದು ಆತನಿಗೆ ಗೊತ್ತಿರಲಿಲ್ಲ. ಚಳಿಗೆ ಕಟ್ಟಿದ ಹಳೆಯ ಹೊದಿಕೆ ಎಂದುಕೊಂಡಿದ್ದ.

ಗುಂತಕಲ್ಲು, ಬೆಂಗಳೂರು, ಕೊಯಮತ್ತೂರು ಎಂದು ಗಾಡಿ ಬದಲಿಸುತ್ತ, ಪ್ರತಿ ಗಾಡಿಯಲ್ಲೂ ಕಿಟಕಿಯ ಪಕ್ಕ ಕೂತು ಆಕೆ ಹೊಲಿಯುತ್ತಲೇ ಇದ್ದಳು. ಬೆಟ್ಟದ ಬುಡ ತಲುಪುವಷ್ಟರಲ್ಲಿ ಎಮ್ಮೆ ಎದ್ದುಹೋಗಿ ಕುರಿ ಬಂದಿತ್ತು.

ಬೆಳಿಗ್ಗೆ ಆಟಿಕೆಯಂಥ ನೀಲಿ ಡಬ್ಬಿಗಳ ಗಾಡಿ ಹತ್ತಿದೆವು. ಸಾಬವ್ವ ಮುಂದಿನ ಡಬ್ಬಿಯಲ್ಲಿ ಕೂತು ಮೂಗೆತ್ತಿ ಮೂಸಿದಳು. "ಹೊಗಿ ವಾಸನಿ ಬರಾಕತ್ತದ, ಸಪ್ಪಳ ಹಿಂದಿಂದ ಬರಾಕತ್ತದ. ಕರಿಯ ಎಲ್ಲಿದ್ದಾನ?"

ಇಲ್ಲಿ ಎಂಜಿನ್ನು ಹಿಂದೆ ಇರುತ್ತದೆ, ಎಳೆಯುವುದಿಲ್ಲ, ಹಿಂದಿನಿಂದ ನೂಕುತ್ತದೆ, ಜಾರಬಾರದೆಂದು ಹಳಿಗಳ ನಡುವೆ ಹಲ್ಲಿನ ಪಟ್ಟಿ ಇದೆ ಎಂದು ವಿವರಿಸಿದೆ.

"ಸೊಸಿನ್ನ ಮುಂದ ಮಾಡಿ ಹಿಂದಿಂದ ದೂಡೂ ಅತ್ತಿ ಹಂಗ ಅನ್ನು" ಎಂದಳು. ಎದುರು ಸೀಟಿನಲ್ಲಿದ್ದ ಕನ್ನಡ ಬಲ್ಲ ಒಂದು ಸಂಸಾರ ಬಿದ್ದು ಬಿದ್ದು ನಕ್ಕಿತು.

ಗಾಡಿ ಹೊರಟಿತು. ಒಂದು ಕಡೆ ಕಾಡು, ಇನ್ನೊಂದು ಕಡೆ ಪಾತಾಳ. ನಾವು ಆ ಕಿಟಕಿಗೂ ಈ ಕಿಟಕಿಗೂ ಓಡಾಡಿದೆವು. ಸಾಬವ್ವ ತೊಡೆಯ ಮೇಲೆ ಕೌದಿ ಹರವಿಕೊಂಡು ಗಾಡಿಯ ಕುಲುಕಾಟದ ತಾಳಕ್ಕೆ ಸರಿಯಾಗಿ ಸೂಜಿ ಹಾಕುತ್ತಿದ್ದಳು. ಮುಕ್ಕಾಲು ಗಂಟೆಯ ಮೇಲೆ ಎಂಜಿನ್ನಿಗೆ ನೀರು ಕುಡಿಸಲು ಒಂದು ಪುಟ್ಟ ಸ್ಟೇಷನ್ನಿನಲ್ಲಿ ಗಾಡಿ ನಿಂತಿತು. ಚಹಾ ತರುತ್ತೇನೆಂದು ಸರೋಜಾ ಎದ್ದಳು. ಆಕೆಯ ಜೊತೆ ಕೌದಿಯೂ ಎದ್ದಿತು. ಕೌದಿಯ ಜೊತೆ ಸಾಬವ್ವನ ಕೈ ಎದ್ದಿತು. ನೋಡಿದರೆ ಸರೋಜಾಳ ಸೆರಗಿನ ಅಂಚನ್ನು ಒಂದು ಗೇಣಿನಷ್ಟು ಕೌದಿಗೆ ಸೇರಿಸಿ ಹೊಲಿದುಬಿಟ್ಟಿದ್ದಳು.

ಡಬ್ಬಿಯೆಲ್ಲ ಗೊಳ್ಳೆಂದಿತು. ಸಾಬವ್ವ ಕಿಂಚಿತ್ತೂ ಅಳುಕಲಿಲ್ಲ. "ಪರದೇಶ ಇದು. ನನ್ನ ಬಿಟ್ಟು ಎಲ್ಲಿಗೂ ಹೋಗಬಾರದು ಅಂತ ಬೇಕಂತ್ಲೇ ಹೊಲ್ದೀನಿ" ಎಂದು, ಹಲ್ಲಿನಿಂದ ದಾರ ಕಡಿದು ಸೆರಗು ಬಿಡಿಸಿಕೊಟ್ಟಳು. ನಾನೂ ನಕ್ಕೆ. ಸರೋಜಾ ಮಾತ್ರ ಸೆರಗಿನ ತೂತುಗಳನ್ನು ಒಂದೊಂದಾಗಿ ಬೆರಳಿಂದ ಮುಟ್ಟಿ ನೋಡಿದಳು.

"ನಡಿ, ಅವನ್ನ ಭೆಟ್ಟಿ ಆಗೂಣು" ಎಂದು ಸಾಬವ್ವ ನನ್ನ ತೋಳು ಹಿಡಿದು ಇಳಿದಳು. ಎಂಜಿನ್ನು ಗಾಡಿಯ ಬಾಲದಲ್ಲಿ ಬೆವರುತ್ತ ನಿಂತಿತ್ತು. ಹತ್ತಿರ ಹೋದಂತೆ ಆಕೆ ಅಂಗೈಯನ್ನು ಮುಂದೆ ಚಾಚಿ, ಕಾವು ತಾಕಿದ ಕಡೆ ನಿಂತಳು. ದೇವರಿಗೆ ಆಶೀರ್ವಾದ ಮಾಡುವವಳ ಹಾಗೆ ಕಂಡಳು ನನಗೆ.

"ಏನೋ ಕರಿಯಾ, ಇಲ್ಲಿ ಬಂದು ಅಡಗೀಯೇನು? ಎಷ್ಟು ಕೌದಿ ಸುಟ್ಟೀಯೋ ಹಾಳಾದವನ. ಸೊರಗೀದಿ ನೋಡು, ನನ್ನ ಬೈಗುಳ ಇಲ್ಲದ!"

ಕಲ್ಲಿದ್ದಲು ಹಾಕುವವನು ಕೆಳಗೆ ಬಗ್ಗಿ ನೋಡಿದ. ತಮಿಳಿನವನು, ಮುಖವೆಲ್ಲ ಮಸಿ, ಹಲ್ಲು ಮಾತ್ರ ಬಿಳುಪು. ಸಾಬವ್ವ ತನಗೆ ಬರುವ ಹೈದರಾಬಾದಿ ಉರ್ದುವಿನಲ್ಲಿ "ಬೇಟಾ, ಬಚ್ಚೀಕೆ ವಾಸ್ತೆ ಜರಾ ಕಪಡಾ ದೇ" ಎಂದು ಕೂಸಿಗಾಗಿ ಬಟ್ಟೆ ಬೇಡಿ ಸೆರಗೊಡ್ಡಿದಳು. ಅವನಿಗೆ ಭಾಷೆ ಎಷ್ಟು ತಿಳಿಯಿತೋ, ಒಡ್ಡಿದ ಸೆರಗು ತಿಳಿಯಿತು. ಕೊರಳಲ್ಲಿದ್ದ ಕೆಂಪು ವಸ್ತ್ರವನ್ನು ಬಿಚ್ಚಿ, ಒಂದು ಪಟ್ಟಿ ಹರಿದು ಸೆರಗಿಗೆ ಹಾಕಿದ. ಆಕೆ ಅದನ್ನು ತಿಕ್ಕಿ ನೋಡಿ, ಮೂಸಿ, "ಎಣ್ಣಿ, ಮಸಿ, ಬೆವರು, ಮೂರೂ ಅದಾವ. ಕೂಸಿಗೆ ಯಾವ ದೃಷ್ಟಿನೂ ತಾಕಂಗಿಲ್ಲ" ಎಂದು ಹರಸಿದಳು.

ಗಾಡಿ ಮತ್ತೆ ಹತ್ತತೊಡಗಿತು. ಆಕೆ ಆ ಪಟ್ಟಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಕಿಟಕಿಯ ಗಾಳಿಗೆ ಒಣಗಿಸಿ, ಕೌದಿಯ ಮೇಲಿಟ್ಟು, "ಕಾಲುವಿ, ಇಲ್ಲಿ ಚಂದ ಕಾಣ್ತದೇನು?" ಎಂದಳು. ನಾನು ಹೊರಗೆ ಸೇತುವೆಯ ಮೇಲೆ ಕೂತ ಮಂಗಗಳನ್ನು ನೋಡುತ್ತಿದ್ದೆ. "ಬಾಳ ಚಂದ ಅದ ಆಯಿ" ಎಂದೆ. ಅದರ ಮಗ್ಗುಲಿಗೆ ಇನ್ನೊಂದು ತುಂಡು. "ಇದು?" "ಅದೂ ಚಂದ ಅದ." ಇನ್ನೊಂದು. "ಇದು?" "ಹೌದು ಆಯಿ." ಆಕೆ ಮೂರನ್ನೂ ಕೂಡಿಸಿ ಹೊಲಿದಳು.

ಆಗ ಗಾಡಿ ಬೆಟ್ಟದ ಸುರಂಗಕ್ಕೆ ನುಗ್ಗಿತು. ಕಣ್ಣಿಗೆ ಕಣ್ಣು ಕಾಣದ ಕತ್ತಲು. ಎಲ್ಲರೂ ಕೂಗಿದರು, ಸಿಳ್ಳೆ ಹಾಕಿದರು. ಹೊಗೆ ಒಳಗೆ ಬಂದು ಕೆಮ್ಮಿದೆವು. ಮತ್ತೆ ಬೆಳಕು ಬಂದಾಗ ಸರೋಜಾ ನನ್ನ ಕೈ ಹಿಡಿದು ಕೌದಿಯತ್ತ ಕಣ್ಣು ತೋರಿಸಿದಳು. ಸುರಂಗದ ಬಾಯಲ್ಲಿ ಒಂದು ಹಸಿರು ತುಂಡಿನ ಮೂಲೆಯಲ್ಲಿದ್ದ ಸೂಜಿ ಈಗ ಆ ತುಂಡನ್ನು ದಾಟಿ ಮುಂದೆ ಬಂದಿತ್ತು. ಹೊಲಿಗೆ ನೆಟ್ಟಗಿತ್ತು. ಕತ್ತಲಲ್ಲಿ ಆ ಕೈ ನಿಂತಿರಲೇ ಇಲ್ಲ.

ಸರೋಜಾ ಪಕ್ಕಕ್ಕೆ ಸರಿದು ಕೂತು, ಗಂಟಿನಿಂದ ಒಂದು ತುಂಡು ತೆಗೆದು ಆಕೆಯ ಕೈಗಿತ್ತು ಕೇಳಿದಳು. "ಆಯಿ, ಇದು ಯಾವುದು?"

ಸಾಬವ್ವ ಬೆರಳಲ್ಲಿ ತಿಕ್ಕಿದಳು. "ನಿನ್ನ ಗಂಡನ ಅಂಗಿ."

"ಬಣ್ಣ ಯಾವುದು?"

ಸಾಬವ್ವ ಆ ತುಂಡನ್ನು ಇನ್ನೊಮ್ಮೆ ತಿಕ್ಕಿದಳು. ಗಾಡಿ ಒಂದು ತಿರುವು ತಿರುಗಿತು.

"ಎಷ್ಟು ದಿನ ಆತು ಆಯಿ?"

"ಕೂಸು ಹುಟ್ಟೂ ಮೊದಲಿಂದ. ಬೆಳಕು ಕಾಣ್ತದ, ಮಂದಿ ನೆರಳ ಹಂಗ ಕಾಣ್ತಾರ. ಬಣ್ಣ ಎಲ್ಲಾ ಒಂದ ಆಗ್ಯಾವ." ಸೂಜಿಯನ್ನು ಕುಪ್ಪಸದ ಹೆಗಲಿಗೆ ಚುಚ್ಚಿ, ಎರಡೂ ಕೈಯಿಂದ ಸರೋಜಾಳ ಕೈ ಹಿಡಿದಳು. "ಭೀಮ್ಯಾನ ಮುಂದ ಹೇಳಬ್ಯಾಡವ್ವ. ಸೂಜಿ ಕಸಗೊಂಡಾನು. ರೇಣುಕಾನ ಕೂಸಿನ ಮಾರಿ ನಾ ನೋಡಿಲ್ಲ. ಕೈಯಾಡಿಸಿ ತಿಳಕೊಂಡೀನಿ, ಅಷ್ಟ. ನನ್ನ ಕೈ ಆಕೀ ಮೈಮ್ಯಾಲ ಇರಬೇಕು ಅಂದ್ರ ಇದೊಂದ ದಾರಿ."

ಆ ಕುರುಡು ಕೈಗಳನ್ನು ನಾನು ಎಷ್ಟೋ ತಿಂಗಳಿಂದ ನೋಡುತ್ತಿದ್ದೆ, ನಗುತ್ತಿದ್ದೆ. ಕಣ್ಣಿದ್ದ ನನಗೇ ಏನೂ ಕಂಡಿರಲಿಲ್ಲ.

ಸರೋಜಾ ಕರಾರು ಹಾಕಿದಳು. "ಹೇಳಂಗಿಲ್ಲ. ಖರೇ, ಕೂಸು ಸುರಪುರಕ್ಕ ಹೋದ ಮರುವಾರನ ಆಪರೇಷನ್. ಅಲ್ಲೀತನಕ ಸೂಜಿ ಹಿಡಿದಾಗೆಲ್ಲ ನಾ ಮಗ್ಗಲ ಇರಬೇಕು. ಬಣ್ಣ ನಾ ಹೇಳ್ತೀನಿ. ಹೊಲಿಗಿ ಮುಗಿದ ಮ್ಯಾಲ ದಿನಾ ಸೂಜಿ ನನ್ನ ಕೈಯಾಗ ಕೊಟ್ಟು ತುದಿ ತೋರಸಬೇಕು."

"ಹೂಂ, ಅತ್ತಿ ಆಗೀದಿ ನೀನೂ" ಎಂದು ಸಾಬವ್ವ ಮೂಗೊರೆಸಿಕೊಂಡು ನಕ್ಕಳು.

ಆಗಲೇ ನಾವಿಬ್ಬರೂ ಕೌದಿಯನ್ನು ಸರಿಯಾಗಿ ನೋಡಿದ್ದು. ನಾನು ಚಂದವೆಂದ ಮೂರು ತುಂಡುಗಳೂ ಕೆಂಪು. ಎಂಜಿನ್ನಿನವನ ವಸ್ತ್ರ, ನಮ್ಮ ಕಾಲುವೆ ಸರ್ವೆಯ ನಿಶಾನೆ ಬಟ್ಟೆ, ಯಾರದೋ ಕೆಂಪು ಸೀರೆ, ಮೂರೂ ಮಗ್ಗುಲಿಗೆ ಮಗ್ಗುಲು. ಸಾಬವ್ವ ಬದುಕಿನಲ್ಲಿ ಮಾಡದ ತಪ್ಪು, ನನ್ನ ಬಾಯಿಂದ ಮಾಡಿದ್ದಳು. ಹೇಳಿದರೆ ಬಿಚ್ಚುತ್ತಾಳೆ. ಬಿಚ್ಚಿ ಹೊಲಿದರೆ ಇಡೀ ಸುತ್ತು ಸಡಿಲಾಗುತ್ತದೆ, ದಿನಗಳು ಸಾಲುವುದಿಲ್ಲ. ಸರೋಜಾ ನನ್ನ ಮುಖ ನೋಡಿದಳು, ನಾನು ಆಕೆಯ ಮುಖ. ಇಬ್ಬರೂ ಬಾಯಿ ಬಿಡಲಿಲ್ಲ.

ಊರಿಗೆ ಮರಳಿದ ಮೇಲೆ ಸಾಬವ್ವನ ಹೊಲಿಗೆ ನಮ್ಮ ಕೋಣೆಗೆ ಬಂತು. ಭೀಮರಾಯ ಗಂಜ್ ಪೇಟೆಗೆ ಹೋದ ಮೇಲೆ ಶುರು, ಬರುವ ಮೊದಲು ಮುಕ್ತಾಯ. "ಹಸಿರು ಆಯಿ, ಪಕ್ಕದಾಗ ಹಳದಿ ಅದ." "ಹಳದಿ ಪಕ್ಕ ಹಸಿರು ಬ್ಯಾಡ, ನೀಲಿ ಕೊಡು." ಕುರಿ ಹೋಯಿತು, ನಾಯಿ ಹೋಯಿತು, ಕೋಳಿ ಬಂದು ಕೂತಿತು. ಕೂಸು ಹೋಗುವುದಕ್ಕೆ ಮೂರು ದಿನ ಮೊದಲು ಸರೋಜಾ ಹೋಳಿಗೆ ಮಾಡಿದಳು. ಕೌದಿಯ ಹೊಟ್ಟೆ ಮುಚ್ಚುವಾಗ ಒಳಗೊಂದು ಹೋಳಿಗೆಯ ಚೂರು ಇಡಬೇಕು. ಹೊಟ್ಟೆ ತುಂಬಿದ ಕೌದಿ ಹೊದ್ದವರನ್ನು ಹಸಿದು ಮಲಗಿಸುವುದಿಲ್ಲ. ಸಾಬವ್ವ ಚೂರು ಇಟ್ಟು, ಕೊನೆಯ ಹೊಲಿಗೆ ಹಾಕಿ, ಸೂಜಿಯನ್ನು ಸರೋಜಾಳ ಕೈಗಿತ್ತಳು. ಸರೋಜಾ ತುದಿ ನೋಡಿದಳು. ಇಡಿಯಾಗಿತ್ತು.

ಆಮೇಲೆ ಭೀಮರಾಯನಿಗೆ ನಾವೇ ಎಲ್ಲ ಹೇಳಿದೆವು. ಆತ ಕೌದಿಯನ್ನು ನೆಲಕ್ಕೆ ಹಾಸಿ, ಅಂಗಿ ಬಿಚ್ಚಿ, ಬರಿಮೈಯಲ್ಲಿ ಅದರ ಮೇಲೆ ಈ ಮೂಲೆಯಿಂದ ಆ ಮೂಲೆಯವರೆಗೆ ಹೊರಳಿ ಹೊರಳಿ ನೋಡಿದ. ಏನೂ ಚುಚ್ಚಲಿಲ್ಲ. ಎದ್ದು, ಮೈ ಕೊಡವಿ, ಅವ್ವನ ಕಾಲು ಮುಟ್ಟಿದ.

ಮರುವಾರ ಕಲಬುರಗಿಯ ದವಾಖಾನೆಯಲ್ಲಿ ಆಕೆಯ ಒಂದು ಕಣ್ಣಿನ ಆಪರೇಷನ್ನು ಆಯಿತು. ಅಷ್ಟರಲ್ಲಿ ನನಗೆ ಶಹಾಪುರಕ್ಕೆ ವರ್ಗವಾಗಿ ನಾವು ಮನೆ ಬಿಟ್ಟೆವು. ಮುಂದಿನ ವರ್ಷ ಸಾಬವ್ವ ನಾಲ್ಕು ದಿನ ಜ್ವರದಲ್ಲಿ ಮಲಗಿ ಹೋಗಿಬಿಟ್ಟಳು. ಸುದ್ದಿ ನನಗೆ ತಡವಾಗಿ ಮುಟ್ಟಿ ಮಣ್ಣಿಗೂ ಹೋಗಲಾಗಲಿಲ್ಲ. ಹಾಗಾಗಿ ಆಕೆಯನ್ನು ನಾನು ಕಡೆಯ ಸಲ 'ನೋಡಿದ್ದು' ಎಂದರೆ ಅದಕ್ಕೂ ಹಿಂದಿನ ಚಳಿಗಾಲದಲ್ಲಿ, ಸುರಪುರದಲ್ಲಿ.

ಒಂದು ಬೆಳಿಗ್ಗೆ ಶಹಾಪುರದ ನಮ್ಮ ಮನೆ ಬಾಗಿಲಲ್ಲಿ ಬಂದು ನಿಂತಳು. ಮೂಗಿನ ಮೇಲೆ ದಪ್ಪ ಗಾಜಿನ ಕನ್ನಡಕ, ಕಂಕುಳಲ್ಲಿ ಚೀಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಯ್ಯ, ನೀ ಇಷ್ಟು ಕರ್ರಗ ಅದೀಯೇನೋ? ದನಿ ಕೇಳಿ ಬೆಳ್ಳಗ ಇದ್ದೀಯಂತ ಮಾಡಿದ್ದೆ, ನೆಪ್ಪ ಹಾರಿತ್ತು ನೋಡು!" ಎಂದಳು. ಆಮೇಲೆ, "ನಡಿ, ಸುರಪುರಕ್ಕ ಹೋಗೂಣು. ಕೂಸಿನ್ನ ನೋಡಬೇಕು, ಕೌದಿ ನೋಡಬೇಕು. ಕತ್ತರಿ ತಂದೀನಿ. ತಪ್ಪಿದ್ದು ಬಿಚ್ಚಿ ನೆಟ್ಟಗ ಮಾಡಿ ಬರ್ತೀನಿ."

ಬಸ್ಸಿನಲ್ಲಿ ನನ್ನ ಕಣ್ಣು ಆ ಕತ್ತರಿಯ ಚೀಲದ ಮೇಲೇ ಇತ್ತು. ಆಕೆ ಕಿಟಕಿಯ ಹೊರಗೆ ಕಾಲುವೆ ನೀರಿನ ಭತ್ತದ ಹಸಿರನ್ನು ನೋಡುತ್ತ, ಬಣ್ಣಗಳ ಹೆಸರನ್ನು ಒಂದೊಂದಾಗಿ ಬಾಯೊಳಗೆ ಹೇಳಿಕೊಳ್ಳುತ್ತಿದ್ದಳು.

ಸುರಪುರದ ಮನೆಯ ಪಡಸಾಲೆಯಲ್ಲಿ ಕೌದಿ ಹಾಸಿತ್ತು. ಅದರ ನಡುವೆ ಕೂಸು ಬೋರಲಾಗಿ ಮಲಗಿತ್ತು. ಸಾಬವ್ವ ಹೊಸ್ತಿಲಲ್ಲೇ ನಿಂತಳು. ಮೊದಲು ಕೂಸನ್ನು ನೋಡಿದಳೋ ಕೌದಿಯನ್ನೋ, ಹೇಳಲಾರೆ. ಆಮೇಲೆ ಮೆಲ್ಲಗೆ ಕೂತು, ಅಂಚಿನಿಂದ ಸುತ್ತುಗಳನ್ನು ಬೆರಳಲ್ಲಿ ಅಳೆಯುತ್ತ ಒಳಗೆ ಬಂದಳು. ಬೆರಳು ಮೂರು ಕೆಂಪಿನ ಹತ್ತಿರ ನಿಂತಿತು.

"ಕಾಲುವಿ."

"ಆಯಿ."

"ಬಾಳ ಚಂದ ಅದ ಅಂದಿದ್ದಿ."

"ಮಂಗ್ಯಾ ನೋಡಾಕತ್ತಿದ್ದೆ ಆಯಿ. ಆಮ್ಯಾಲ ಗೊತ್ತಾತು. ನೀವು ಬಿಚ್ಚತೀರಿ, ದಿನಾ ಸಾಲಂಗಿಲ್ಲ ಅಂತ ಹೇಳಲಿಲ್ಲ. ತಪ್ಪಾತು."

ಆಕೆ ಬೈಯಲಿಲ್ಲ. ಚೀಲದಿಂದ ಕತ್ತರಿ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ರೇಣುಕಾ ಕೂಸನ್ನು ಎತ್ತಲು ಬಂದರೆ ಕೈಯಿಂದ ತಡೆದಳು. "ಮಲಗಲಿ. ಏಳೂತನಕ ಕುಂದರ್ತೀನಿ."

ಬಿಸಿಲು ಅಂಗಳ ದಾಟಿ ಪಡಸಾಲೆಗೆ ಬಂದ ಮೇಲೆ ಕೂಸು ಎದ್ದಿತು. ಅಳಲಿಲ್ಲ. ಕನ್ನಡಕದ ಮುದುಕಿಯನ್ನು ಒಂದು ಗಳಿಗೆ ನೋಡಿ, ಮೊಣಕಾಲೂರಿ ನೇರವಾಗಿ ಮೂರು ಕೆಂಪಿನ ಕಡೆ ಅಂಬೆಗಾಲಿಟ್ಟು ಹೋಯಿತು. ಅದರ ಮೇಲೆ ಕೂತು, ಅಂಗೈಯಿಂದ ಪಟಪಟ ಬಡಿದು ಕಿಲಕಿಲನೆ ನಕ್ಕಿತು.

"ದಿನಾ ಅಲ್ಲೇ ಹೋಗ್ತಾಳ ಆಯಿ" ಎಂದಳು ರೇಣುಕಾ. "ಇಷ್ಟು ದೊಡ್ಡ ಕೌದ್ಯಾಗ ಆಕಿಗೆ ಬೇಕಾದ್ದು ಅದೊಂದ ಜಾಗ. ಆಟನೂ ಅಲ್ಲೇ, ಉಚ್ಚಿನೂ ಅಲ್ಲೇ. ಅತ್ತರ ಅಲ್ಲಿ ಕುಂದರಿಸಿಬಿಡ್ತೀವಿ, ಸುಮ್ಮನಾಗ್ತಾಳ."

ಸಾಬವ್ವ ಕತ್ತರಿಯನ್ನು ಚೀಲಕ್ಕೆ ಹಾಕಿ, ಚೀಲದ ಬಾಯಿಗೆ ಗಂಟು ಹಾಕಿದಳು. ಕೂಸಿನ ಹತ್ತಿರ ಸರಿದು, ಅದರ ಮುಖಕ್ಕೆ ಮುಖ ತಂದು, ಕಣ್ಣು, ಮೂಗು, ಗಲ್ಲ ಒಂದೊಂದನ್ನೂ ನೋಡತೊಡಗಿದಳು. ಕೂಸು ಕೈ ಚಾಚಿ ಆಕೆಯ ಕನ್ನಡಕ ಕಿತ್ತುಕೊಂಡಿತು. ರೇಣುಕಾ "ಏ, ಏ!" ಎಂದು ಓಡಿ ಬಂದಳು.

"ಇರಲಿ ಬಿಡು" ಎಂದಳು ಸಾಬವ್ವ, ಮಂಜು ಮಂಜಾದ ಕಣ್ಣನ್ನು ಕೂಸಿನ ಕಡೆಗೇ ಹಿಡಿದು. "ನಾ ನೋಡಿದ್ದಾತು."